ಹಳೆ ಕೈರೊದ ಕೋಟೆಯೊಳಗೆ: ಕಲ್ಲು ಇಲ್ಲಿ, ಕಾಗದ ಹೊರನಾಡಿನಲ್ಲಿ

ಈಜಿಪ್ಟಿನ ಕೈರೊ ನಗರ ಸ್ಥಾಪನೆಯಾದದ್ದು 969ರಲ್ಲಿ. ಅದಕ್ಕೂ ಆರೂವರೆ ಶತಮಾನಕ್ಕಿಂತ ಮೊದಲೇ, ಕ್ರಿ.ಶ. 300ರ ಆಸುಪಾಸಿನಲ್ಲಿ, ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ನೈಲ್ ದಂಡೆಯಲ್ಲಿ ಬ್ಯಾಬಿಲಾನ್ ಎಂಬ ಕೋಟೆಯನ್ನು ಕಟ್ಟಿಸಿದ್ದ. ಇಂದು ‘ಹಳೆ ಕೈರೊ’ ಎಂದು ಕರೆಯುವ ಕೇರಿ ಬೆಳೆದದ್ದು ಆ ಕೋಟೆಯ ಒಡಲಲ್ಲಿ. ಈಜಿಪ್ಟಿನ ಮೂಲನಿವಾಸಿ ಕ್ರೈಸ್ತರಾದ ಕಾಪ್ಟಿಕ್ ಸಮುದಾಯದ ಪ್ರಾಚೀನ ಚರ್ಚುಗಳೂ ಯಹೂದಿಗಳ ಪ್ರಾರ್ಥನಾ ಮಂದಿರವಾದ ಬೆನ್ ಎಜ್ರಾ ಸಿನಗಾಗೂ ಅಲ್ಲಿ ನಾಲ್ಕು ಹೆಜ್ಜೆಯ ಅಂತರದಲ್ಲಿವೆ.

ಕೋಟೆಯ ದಕ್ಷಿಣ ದ್ವಾರದ ಬುರುಜುಗಳ ಮೇಲೆ ನಿಂತಿರುವುದರಿಂದ ಇಲ್ಲಿನ ಒಂದು ಚರ್ಚಿಗೆ ‘ಅಲ್ ಮುಅಲ್ಲಖಾ’, ಅಂದರೆ ‘ತೂಗುವ ಚರ್ಚು’ ಎಂಬ ಹೆಸರು ಬಂದಿದೆ. ಅದರ ನೆಲದಲ್ಲಿ ಕೂರಿಸಿದ ಗಾಜಿನ ಮೂಲಕ ಬಗ್ಗಿ ನೋಡಿದರೆ ರೋಮನ್ ದ್ವಾರದ ಆಳ ಕಾಣುತ್ತದೆ. ಬೆನ್ ಎಜ್ರಾದ ಜಾಗವೂ ಮೊದಲು ಚರ್ಚೇ ಆಗಿತ್ತೆಂದೂ, ತೆರಿಗೆಯ ಹೊರೆ ತಾಳಲಾರದೆ ಕಾಪ್ಟಿಕ್ ಧರ್ಮಗುರು 882ರಲ್ಲಿ ಅದನ್ನು ಯಹೂದಿಗಳಿಗೆ ಮಾರಿದನೆಂದೂ ಪ್ರತೀತಿ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಖಲೀಫ ಅಲ್ ಹಾಕಿಮ್‌ನ ಆಳ್ವಿಕೆಯಲ್ಲಿ ನೆಲಸಮವಾದ ಸಿನಗಾಗ್, ಕೆಲವೇ ದಶಕಗಳಲ್ಲಿ ಮತ್ತೆ ಎದ್ದಿತು.

ಹೀಗೆ ಮತ್ತೆ ಎದ್ದ ಕಟ್ಟಡದಲ್ಲಿದ್ದ ಒಂದು ಕತ್ತಲ ಕೋಣೆಯೇ ಈ ಕೇರಿಯ ಅತಿದೊಡ್ಡ ನಿಧಿಯಾಯಿತು. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂಬ ನಿಯಮದಂತೆ ಯಹೂದಿಗಳು ಹಳೆಯ ಹಾಳೆಗಳನ್ನು ‘ಗೆನಿಜಾ’ ಎಂಬ ಆ ಕೋಣೆಗೆ ಹಾಕುತ್ತಿದ್ದರು. ಇಲ್ಲಿನವರು ಧರ್ಮಗ್ರಂಥಗಳ ಜೊತೆಗೆ ವ್ಯಾಪಾರದ ಲೆಕ್ಕ, ಮದುವೆಯ ಕರಾರು, ಮನೆಯವರಿಗೆ ಬರೆದ ಕಾಗದಗಳನ್ನೂ ಅಲ್ಲಿಗೇ ಹಾಕಿದರು. ಒಣ ಹವೆಯಲ್ಲಿ ಅವು ಸಾವಿರ ವರ್ಷ ಉಳಿದವು.

ಆ ಕಾಗದಗಳಲ್ಲಿ ನಮ್ಮ ಮಂಗಳೂರೂ ಇದೆ. ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ವೇಳೆಗೆ ಮಂಗಳೂರಿನಲ್ಲಿದ್ದ. ಆ ವರ್ಷದ ಅಕ್ಟೋಬರ್ 17ರಂದು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಅಲ್ಲಿಯೇ ಬರೆದದ್ದು. ಯೆಮನ್‌ನ ಏಡನ್ ಬಂದರಿನ ವರ್ತಕರು ಅವನಿಗೆ ಬರೆದ ಓಲೆಗಳಲ್ಲಿ ಮೆಣಸು, ಅಡಿಕೆ, ಕಬ್ಬಿಣದ ಲೆಕ್ಕದ ನಡುವೆ ಅವನ ಆಳು ಬೊಮ್ಮನ ಪ್ರಸ್ತಾಪವೂ ಬರುತ್ತದೆ. ನಮ್ಮ ಕರಾವಳಿಯ ಶಾಸನಗಳು ರಾಜರನ್ನೂ ದಾನಿಗಳನ್ನೂ ನೆನೆದಷ್ಟು ಇಂಥ ಸಾಮಾನ್ಯರನ್ನು ನೆನೆಯಲಿಲ್ಲ. ಆದ್ದರಿಂದಲೇ ಬೊಮ್ಮನ ಹೆಸರು ದೂರದ ಕೈರೊದಲ್ಲಿ ಉಳಿದುಬಂದದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

1890ರ ಸುಮಾರಿಗೆ ಹಳೆಯ ಸಿನಗಾಗನ್ನು ಕೆಡವಿ ಈಗಿನದನ್ನು ಕಟ್ಟಿದಾಗ ಗೆನಿಜಾದ ಹಾಳೆಗಳು ವ್ಯಾಪಾರಿಗಳ ಕೈಸೇರತೊಡಗಿದವು. 1896ರಲ್ಲಿ ಇಬ್ಬರು ಸ್ಕಾಟಿಷ್ ಅವಳಿ ಸಹೋದರಿಯರು ಕೊಂಡು ತಂದ ಹಾಳೆಯೊಂದನ್ನು ಗುರುತಿಸಿದ ಕೇಂಬ್ರಿಜ್‌ನ ವಿದ್ವಾಂಸ ಸಾಲೊಮನ್ ಶೆಕ್ಟರ್, ಅದೇ ವರ್ಷದ ಕೊನೆಗೆ ಕೈರೊಗೆ ಹೋಗಿ, ಯಹೂದಿ ಸಮುದಾಯದ ಒಪ್ಪಿಗೆ ಪಡೆದು, ಲಕ್ಷಾಂತರ ತುಣುಕುಗಳನ್ನು ಸಾಗಿಸಿದರು. ಕೇಂಬ್ರಿಜ್‌ನಲ್ಲಿ ಇಂದು ಸುಮಾರು 1,93,000 ತುಣುಕುಗಳಿವೆ. ಉಳಿದವು ಹಲವು ದೇಶಗಳಲ್ಲಿ ಹಂಚಿಹೋಗಿವೆ. ಅವು ಹಾಗೆ ಹೋಗದಿದ್ದರೆ ಉಳಿಯುತ್ತಿದ್ದವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಕೇರಿ ತನ್ನ ನೆನಪಿನ ಬಹುಪಾಲನ್ನು ಕಳೆದುಕೊಂಡಿತೆಂಬುದೂ ಅಷ್ಟೇ ನಿಜ.

ಕಾಪ್ಟಿಕ್ ಪರಂಪರೆಯ ಹಾದಿ ಬೇರೆಯಾಯಿತು. ಮಾರ್ಕಸ್ ಸಿಮೈಕಾ ಎಂಬ ಕಾಪ್ಟಿಕ್ ಗಣ್ಯರು ಚರ್ಚು, ಮಠ, ಹಳೆಯ ಮನೆಗಳಿಂದ ವಸ್ತುಗಳನ್ನು ಕೂಡಿಸಿ 1908ರಲ್ಲಿ ಕೋಟೆಯ ಆವರಣದಲ್ಲೇ ಕಾಪ್ಟಿಕ್ ಮ್ಯೂಸಿಯಂ ಆರಂಭಿಸಿದರು; 1931ರಲ್ಲಿ ಅದು ಸರ್ಕಾರದ್ದಾಯಿತು. 1979ರಲ್ಲಿ ಯುನೆಸ್ಕೊ ಐತಿಹಾಸಿಕ ಕೈರೊವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ನೀರಿನ ಕಾಟ ನಿಲ್ಲಲಿಲ್ಲ. ಅಂತರ್ಜಲವೂ ಸೋರುವ ಒಳಚರಂಡಿಯೂ ಅಡಿಪಾಯಕ್ಕೆ ನುಗ್ಗಿ, ಪವಿತ್ರ ಕುಟುಂಬ (ಶಿಶು ಯೇಸು, ಮರಿಯ, ಜೋಸೆಫ್) ತಂಗಿತ್ತೆಂದು ಭಕ್ತರು ನಂಬುವ ಅಬು ಸರ್ಗಾ ಚರ್ಚಿನ ನೆಲಮಾಳಿಗೆ ವರ್ಷಗಟ್ಟಲೆ ಜಲಾವೃತವಾಗಿತ್ತು. ಈ ಶತಮಾನದ ಆರಂಭದಲ್ಲಿ ಅಮೆರಿಕದ ನೆರವಿನಿಂದ ನೀರಿನ ಮಟ್ಟ ಇಳಿಸಿದ ಮೇಲೆಯೇ ದುರಸ್ತಿಗೆ ಅರ್ಥ ಬಂದದ್ದು. ತೂಗುವ ಚರ್ಚು 2014ರಲ್ಲಿ, ಬೆನ್ ಎಜ್ರಾ 2023ರ ಆಗಸ್ಟ್‌ನಲ್ಲಿ ಜೀರ್ಣೋದ್ಧಾರ ಮುಗಿಸಿ ಮತ್ತೆ ತೆರೆದವು.

ಎರಡೂ ತೆರೆದವು ಎಂದರೂ ಎರಡರ ಸ್ಥಿತಿ ಒಂದೇ ಅಲ್ಲ. 1948ರಲ್ಲಿ ಈಜಿಪ್ಟಿನಲ್ಲಿ ಸುಮಾರು 75,000 ಯಹೂದಿಗಳಿದ್ದರು. ಆ ವರ್ಷದ ಯುದ್ಧ, ಅನಂತರ 1956 ಮತ್ತು 1967ರ ಯುದ್ಧಗಳ ಹೊಡೆತಕ್ಕೆ ಹೆಚ್ಚುಕಡಿಮೆ ಎಲ್ಲರೂ ದೇಶ ಬಿಟ್ಟರು. ತೂಗುವ ಚರ್ಚಿನಲ್ಲಿ ಇಂದಿಗೂ ಕಾಪ್ಟಿಕ್ ಭಾಷೆಯ ಪ್ರಾರ್ಥನೆ ಕೇಳಿಬರುತ್ತದೆ. ಬೆನ್ ಎಜ್ರಾದ ಅಮೃತಶಿಲೆಯ ವೇದಿಕೆಯ ಸುತ್ತ ಪ್ರವಾಸಿಗರು ನಡೆದಾಡುತ್ತಾರೆ. ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದಂತೆ ಬೇಕಾದ ಹತ್ತು ಮಂದಿ ಯಹೂದಿ ಗಂಡಸರು ಮಾತ್ರ ಆ ಕೇರಿಯಲ್ಲಿ ಈಗ ಸಿಗುವುದಿಲ್ಲ.