ಎಚ್‌ಸಿಎಂನಲ್ಲಿ ಸಡನ್ ಡೆತ್ ರಿಸ್ಕ್: ಯಾರಿಗೆ ಐಸಿಡಿ ಬೇಕು?

ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ (ಎಚ್‌ಸಿಎಂ), ಅಂದ್ರೆ ಬಿಪಿ, ವಾಲ್ವ್ ತೊಂದ್ರೆ ಅಂತ ಕಾರಣ ಏನೂ ಇಲ್ದೇನೇ ಹಾರ್ಟಿನ ಗೋಡೆ ದಪ್ಪ ಆಗೋದು. ಸುಮಾರು 500 ಜನಕ್ಕೆ ಒಬ್ರಿಗೆ ಇರುತ್ತೆ, ಅಪ್ಪ ಅಮ್ಮ ಇಬ್ರಲ್ಲಿ ಒಬ್ರಿಗೆ ಜೀನ್ ದೋಷ ಇದ್ರೆ ಪ್ರತಿ ಮಗುಗೂ ಅದು ಹೋಗೋ ಚಾನ್ಸ್ 50%. ಇಷ್ಟು ಎಲ್ರಿಗೂ ಗೊತ್ತು. ಗೊಂದಲ ಶುರು ಆಗೋದು ಇಲ್ಲಿಂದ: ಏದುಸಿರು, ಎದೆನೋವು ಜಾಸ್ತಿ ಇದ್ದೋರಿಗೇ ಸಡನ್ ಡೆತ್ ರಿಸ್ಕೂ ಜಾಸ್ತಿ ಅನ್ಕೋತೀವಲ್ಲ, ಹಂಗೇನಿಲ್ಲ. ಕೆಲವ್ರಿಗೆ ಮೊದಲನೇ ಲಕ್ಷಣಾನೇ ಕಾರ್ಡಿಯಾಕ್ ಅರೆಸ್ಟ್.

ಯಾಕಂದ್ರೆ ಇಲ್ಲಿ ಜೀವ ತೆಗೆಯೋದು ಸಾಮಾನ್ಯವಾಗಿ ಹಾರ್ಟ್ ಬಡಿತದ ರಿದಮ್ ಕೆಡೋದು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸಾಲಾಗಿ ಇರ್ಬೇಕಾದ ಸ್ನಾಯು ಕೋಶಗಳು ಅಡ್ಡಾದಿಡ್ಡಿ ಬಿದ್ದಿರ್ತವೆ, ನಡುನಡುವೆ ಫೈಬ್ರೋಸಿಸ್ (ಗಾಯದ ಕಲೆ ಥರ ಗಟ್ಟಿಯಾದ ಭಾಗ), ಎಲೆಕ್ಟ್ರಿಕಲ್ ಸಿಗ್ನಲ್ ಆ ಕಲೆ ಸುತ್ತಾನೇ ಗಿರಕಿ ಹೊಡೀತಾ ರೀಎಂಟ್ರಿ ಆಗಿ ವಿಟಿ (ಹಾರ್ಟಿನ ಕೆಳಗಿನ ಕೋಣೆಗಳ ಅತಿವೇಗದ ಬಡಿತ), ಅಲ್ಲಿಂದ ವಿಎಫ್ (ಹಾರ್ಟ್ ಬರೀ ಅದುರುತ್ತೆ, ರಕ್ತ ಪಂಪ್ ಆಗಲ್ಲ). ಬೀಟಾ ಬ್ಲಾಕರ್ ಕೊಟ್ರೆ ಏದುಸಿರು ಕಮ್ಮಿ ಆಗುತ್ತೆ ನಿಜ, ಆದ್ರೆ ಸಡನ್ ಡೆತ್ ತಡೆಯುತ್ತೆ ಅಂತ ಅದನ್ನ ನೆಚ್ಕೊಂಡು ಕೂರೋ ಹಾಗಿಲ್ಲ, ಅದಕ್ಕೆ ಇರೋದು ಐಸಿಡಿನೇ, ಅಂದ್ರೆ ಮೈಯೊಳಗೆ ಕೂರಿಸೋ, ಅಪಾಯದ ರಿದಮ್ ಬಂದ್ರೆ ಶಾಕ್ ಕೊಟ್ಟು ಸರಿ ಮಾಡೋ ಯಂತ್ರ.

ಹಂಗಂತ ಎಲ್ರಿಗೂ ಐಸಿಡಿ ಹಾಕೋಕಾಗಲ್ಲ. ದೊಡ್ಡೋರಲ್ಲಿ ಒಟ್ಟಾರೆ ರಿಸ್ಕ್ ವರ್ಷಕ್ಕೆ 1%ಕ್ಕಿಂತ ಕಮ್ಮಿನೇ, ಚಿಕ್ಕ ವಯಸ್ಸಲ್ಲಿ ಹಾಕಿದ್ರೆ ಲೀಡ್ (ಅದರ ವೈರ್) ತೊಂದ್ರೆ, ಇನ್‌ಫೆಕ್ಷನ್, ಬೇಡದ ಶಾಕ್, ಮತ್ತೆ ಮತ್ತೆ ಬ್ಯಾಟರಿ ಬದಲಾವಣೆ. ಒಂದ್ಸಲ ಅರೆಸ್ಟ್ ಆಗಿ ಬದುಕಿದೋರಿಗೆ ಹಾಕ್ತಾರೆ, ಅದ್ರಲ್ಲಿ ಚರ್ಚೆ ಇಲ್ಲ. ಉಳಿದೋರಿಗೆ 2014ರ ಯುರೋಪಿಯನ್ ಕ್ಯಾಲ್ಕುಲೇಟರ್ ಏಳು ವಿಷಯ ಕೇಳುತ್ತೆ: ವಯಸ್ಸು, ಗೋಡೆ ದಪ್ಪ, ಎಡ ಏಟ್ರಿಯಂ (ಹಾರ್ಟಿನ ಮೇಲಿನ ಎಡ ಕೋಣೆ) ಸೈಜು, ಔಟ್‌ಫ್ಲೋ ಗ್ರೇಡಿಯೆಂಟ್ (ರಕ್ತ ಹೊರಗೆ ಹೋಗೋ ದಾರಿಲಿ ಅಡ್ಡಿಯಿಂದ ಆಗೋ ಒತ್ತಡದ ವ್ಯತ್ಯಾಸ), ಮನೇಲಿ ಯಾರಾದ್ರೂ ಹಠಾತ್ತಾಗಿ ತೀರ್ಕೊಂಡಿದಾರಾ, ಹೋಲ್ಟರಲ್ಲಿ (ಮೈಗೆ ಕಟ್ಕೊಂಡು ಓಡಾಡೋ ಇಸಿಜಿ) ಎನ್ಎಸ್‌ವಿಟಿ (ಸ್ವಲ್ಪ ಹೊತ್ತಲ್ಲೇ ತಾನಾಗೇ ನಿಲ್ಲೋ ವಿಟಿ), ಕಾರಣ ಗೊತ್ತಾಗದ ಸಿಂಕೋಪಿ (ಪ್ರಜ್ಞೆ ತಪ್ಪಿ ಬೀಳೋದು). ಐದು ವರ್ಷದ ರಿಸ್ಕ್ 6% ಅಥವಾ ಮೇಲಿದ್ರೆ ಐಸಿಡಿ ಯೋಚ್ನೆ ಮಾಡ್ಬೇಕು, 4ರಿಂದ 6ರ ನಡುವೆ ಮಾತಾಡಿ ನಿರ್ಧರಿಸೋದು, 4ಕ್ಕಿಂತ ಕಮ್ಮಿ ಇದ್ರೆ ಸಾಮಾನ್ಯವಾಗಿ ಬೇಡ.

ಸಿಂಕೋಪಿ ಹಿಸ್ಟರಿ ಮಾತ್ರ ಸಮಾಧಾನವಾಗಿ ತಗೊಳ್ಳಿ. ತುಂಬಾ ಹೊತ್ತು ನಿಂತು, ಬೆವತು, ವಾಕರಿಕೆ ಬಂದು ಬಿದ್ದಿದ್ದು ಬೇರೆ, ಏನೂ ಸೂಚನೆ ಇಲ್ದೆ ಕೂತಲ್ಲೇ ಕುಸಿದಿದ್ದು ಬೇರೆ. ಎರಡನೇದೇ ಹೆದರ್ಸೋದು, ಅದ್ರಲ್ಲೂ ಇತ್ತೀಚೆಗೆ ಆಗಿದ್ರೆ.

ಇನ್ನೊಂದು, ಎಂಆರ್‌ಐನಲ್ಲಿ ಕಾಣೋ ಫೈಬ್ರೋಸಿಸ್, ಎಪಿಕಲ್ ಅನ್ಯೂರಿಸಂ (ಹಾರ್ಟಿನ ತುದಿಯ ಗೋಡೆ ತೆಳುವಾಗಿ ಉಬ್ಬೋದು), ಇಎಫ್ (ಪ್ರತಿ ಬಡಿತಕ್ಕೆ ಹಾರ್ಟ್ ಹೊರಗೆ ತಳ್ಳೋ ರಕ್ತದ ಪ್ರಮಾಣ) 50%ಕ್ಕಿಂತ ಕೆಳಗೆ ಇಳಿಯೋದು, ಇವು ಮೂರೂ ಆ ಫಾರ್ಮುಲಾದಲ್ಲಿ ಇಲ್ಲ. ಹಾಗಾಗಿ ನಂಬರ್ 3% ಬಂತು ಅಂತ ಫೈಲ್ ಮುಚ್ಚೋ ಮೊದ್ಲು ಎಂಆರ್‌ಐ ರಿಪೋರ್ಟ್ ತೆಗ್ದು ನೋಡಿ.