ಸಂಡೂರಿನ ಗುಡ್ಡದಲ್ಲಿ ಕ್ಯಾಲಿಫೋರ್ನಿಯಂ ಸಿಗೋದಿಲ್ಲ

ಬಳ್ಳಾರಿಯಲ್ಲಿ ಅದಿರು ಪರೀಕ್ಷೆ ಮಾಡುವವನು ನಾನು. ಮೈನ್ಸ್‌ನಿಂದ ಬಂದ ಸ್ಯಾಂಪಲ್‌ನಲ್ಲಿ ಕಬ್ಬಿಣ ಎಷ್ಟು, ಸಿಲಿಕಾ ಎಷ್ಟು, ರಂಜಕ ಎಷ್ಟು ಅಂತ ಹೇಳುವುದು ನನ್ನ ಕೆಲಸ. ಈಚೆಗೆ ಟವೆಲ್‌ನಲ್ಲಿ ಕಲ್ಲು ಸುತ್ತಿಕೊಂಡು ಬಂದು, ದನಿ ತಗ್ಗಿಸಿ, "ಸರ್, ಇದು ಕ್ಯಾಲಿಫೋರ್ನಿಯಂ ಏನು ನೋಡ್ರಿ" ಅನ್ನುವವರು ಜಾಸ್ತಿಯಾಗಿದ್ದಾರೆ. ಅದು ವಿಕಿರಣ ಉಗುಳುವ ಒಂದು ಧಾತು, ಗ್ರಾಂಗೆ ಕೋಟಿಗಟ್ಟಲೆ ಅಂತ ಮೊಬೈಲ್‌ನಲ್ಲಿ ನೋಡಿರುತ್ತಾರೆ. 2024ರಲ್ಲಿ ಬಿಹಾರದ ಗೋಪಾಲಗಂಜ್‌ನಲ್ಲಿ ಪೊಲೀಸರು ಅಂಥದೇ 50 ಗ್ರಾಂ ಕಲ್ಲು ಹಿಡಿದ ಸುದ್ದಿ ಬಂದ ಮೇಲಂತೂ ಕೇಳಲೇಬೇಡಿ.

ಮೆಷಿನ್‌ಗೆ ಹಾಕುವ ಮುಂಚೆ ಆ ಕಲ್ಲನ್ನು ಒಡೆದ ಟೈಲ್ಸ್‌ನ ಹಿಂಬದಿಗೆ ಉಜ್ಜುತ್ತೇನೆ. ಉಕ್ಕಿನ ಹಾಗೆ ಮಿರಮಿರ ಹೊಳೆಯುವ ಕಪ್ಪು ಕಲ್ಲು ಇಟ್ಟಿಗೆ ಬಣ್ಣದ ಗೆರೆ ಬಿಡುತ್ತದೆ. ಹೆಮಟೈಟ್. ನಮ್ಮ ಕಡೆಯ ಮಾಮೂಲಿ ಕಬ್ಬಿಣದ ಅದಿರು. ಗೆರೆ ಕಪ್ಪಾಗಿ ಬೆರಳಿಗೂ ಮಸಿ ಹತ್ತಿದರೆ ಬಹುತೇಕ ಮ್ಯಾಂಗನೀಸ್. ಬಂದವರ ಮುಖ ಸಪ್ಪಗಾಗುತ್ತದೆ. ಪಾಪ ಅನ್ನಿಸುತ್ತದೆ ಕೂಡ. ಆದರೆ ಹೋಗುವಾಗ ಒಂದು ಮಾತು ಕೇಳಿಯೇ ಹೋಗುತ್ತಾರೆ: "ಇನ್ನೂ ಆಳಕ್ಕೆ ಅಗೆದರೆ ಸಿಗಬಹುದಲ್ವಾ ಸರ್?"

ಇಲ್ಲೇ ನನ್ನ ತಲೆ ಕೆಡೋದು. ಇದು ಆಳದ ಪ್ರಶ್ನೆಯೇ ಅಲ್ಲ ಸ್ವಾಮಿ.

ಕ್ಯಾಲಿಫೋರ್ನಿಯಂ 98ನೇ ಧಾತು. 1950ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕ್ಯೂರಿಯಂ ಅನ್ನುವ ಇನ್ನೊಂದು ಧಾತುವಿಗೆ ಆಲ್ಫಾ ಕಣ ಹೊಡೆದು ಮಾಡಿದ್ದು. ಮೊದಲ ಸಲ ಹುಟ್ಟಿದ್ದು ಸುಮಾರು 5,000 ಪರಮಾಣು, ಅಷ್ಟೆ. ಈಗಲೂ ಅಮೆರಿಕದ ಓಕ್ ರಿಡ್ಜ್ ಮತ್ತು ರಷ್ಯಾದ ದಿಮಿತ್ರೋವ್‌ಗ್ರಾದ್‌ನ ರಿಯಾಕ್ಟರ್‌ಗಳಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ತಯಾರಾಗುತ್ತದೆ. ಮಾರಾಟಕ್ಕೆ ಬರುವ ಬಗೆ ಕ್ಯಾಲಿಫೋರ್ನಿಯಂ-252 (ಬಾಲದ ಅಂಕಿ ಪರಮಾಣುವಿನ ತೂಕದ್ದು), ವಿಕಿರಣ ಉಗುಳುತ್ತಾ ಬೇರೆ ಧಾತುವಾಗುತ್ತಾ ಎರಡೂವರೆ ವರ್ಷ ಚಿಲ್ಲರೆಯಲ್ಲಿ ಅರ್ಧ ಆಗಿಬಿಡುತ್ತದೆ. ಅದರಲ್ಲೇ ಗಟ್ಟಿ ಆಯಸ್ಸಿನದು 251, ಅದು ಸುಮಾರು 900 ವರ್ಷಕ್ಕೆ ಅರ್ಧ. ಈಗ ಲೆಕ್ಕ ಹಾಕಿ. ಗುಡ್ಡ ಬಿಡಿ, ಭೂಮಿಗೆ ಭೂಮಿಯೇ ಇದರಿಂದ ಆಗಿತ್ತು ಅಂದುಕೊಳ್ಳಿ. 900 ವರ್ಷಕ್ಕೆ ಅರ್ಧ, 1,800ಕ್ಕೆ ಕಾಲು, 9,000ಕ್ಕೆ ಸಾವಿರದಲ್ಲಿ ಒಂದು ಪಾಲು, ಹೀಗೇ ಹೋಗಿ ಎರಡು ಲಕ್ಷ ವರ್ಷ ಆಗುವಷ್ಟರಲ್ಲಿ ಕೊನೆಯ ಪರಮಾಣುವೂ ಖಾಲಿ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ. ಎಲ್ಲಿಂದ ಉಳಿಯಬೇಕು? ಯುರೇನಿಯಂ-238 ಅರ್ಧ ಆಗಲು ಸುಮಾರು 450 ಕೋಟಿ ವರ್ಷವೇ ಬೇಕು, ಅದಕ್ಕೇ ಅದು ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಇನ್ನೂ ನೆಲದಲ್ಲಿದೆ.

92ನೇ ಧಾತು ಯುರೇನಿಯಂವರೆಗೆ ಸಹಜ, ಆಮೇಲಿನದೆಲ್ಲ ಕೃತಕ ಅಂತ ಕಲಿತವರಿದ್ದಾರೆ. ಗೆರೆ ಅಷ್ಟು ನೇರವಾಗಿಲ್ಲ, ನಿಜ. 43ನೇ ಟೆಕ್ನೀಶಿಯಂ ಮೊದಲು ಪತ್ತೆಯಾಗಿದ್ದೇ 1937ರಲ್ಲಿ, ಯಂತ್ರದಲ್ಲಿ ಕಣ ಹೊಡೆಸಿಕೊಂಡ ಮಾಲಿಬ್ಡಿನಂ ಹಾಳೆಯಲ್ಲಿ. 94ನೇ ಪ್ಲುಟೋನಿಯಂ ಯುರೇನಿಯಂ ಅದಿರಿನಲ್ಲಿ ಲವಲೇಶ ಸಿಗುತ್ತದೆ. ಆ ಲವಲೇಶವನ್ನು ಟವೆಲ್‌ನಲ್ಲಿ ಸುತ್ತಿ ತರೋಕೆ ಆಗಲ್ಲ.

ಇನ್ನು ಕ್ಯಾಲಿಫೋರ್ನಿಯಂ-252ರ ಒಂದೇ ಮೈಕ್ರೋಗ್ರಾಂ ಸೆಕೆಂಡಿಗೆ ಸುಮಾರು 23 ಲಕ್ಷ ನ್ಯೂಟ್ರಾನ್ ಉಗುಳುತ್ತದೆ. ಗ್ರಾಂಗಟ್ಟಲೆ ಜೇಬಲ್ಲಿ ಇಟ್ಟುಕೊಂಡವನು ನನ್ನ ಲ್ಯಾಬ್ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿರುವುದಿಲ್ಲ.

ಕಲ್ಲು ತಂದವರ ಹಿಂದೆ ಸಾಮಾನ್ಯವಾಗಿ ಇನ್ನೊಬ್ಬ ಇರುತ್ತಾನೆ. "ಪಾರ್ಟಿ ರೆಡಿ ಇದೆ, ಟೆಸ್ಟಿಂಗ್ ಫೀಸು, ರೇಡಿಯೇಷನ್ ಸೂಟಿನ ಬಾಡಿಗೆ ಮಾತ್ರ ನೀವು ಹಾಕಿ" ಅನ್ನುವವನು. ಹಿಂದೆ ಅಕ್ಕಿ ಎಳೆಯುವ ರೈಸ್ ಪುಲ್ಲರ್ ಚೊಂಬು ಅಂತ ಜನರನ್ನು ಮುಳುಗಿಸಿದ್ದೂ ಇದೇ ಸೂಟಿನ ಕಥೆ. ಒಬ್ಬ ಯಜಮಾನರು ಅದಕ್ಕಾಗಿ ಎಮ್ಮೆ ಮಾರಿದ್ದರು. ಮಗನ ಎದುರು ಹೇಳಬೇಡಿ ಸರ್ ಅಂದರು.

ನಾನು ಅದಿರಿನವನು, ವಿಕಿರಣದ ತಜ್ಞನಲ್ಲ. ಆದರೂ ಭಯ ಪಡಬೇಕಾದ್ದು ಗುಜರಿಗೆ, ಗುಡ್ಡದ ಕಲ್ಲಿಗಲ್ಲ. ಕೋಬಾಲ್ಟ್ ಸಹಜ ಧಾತು, ಕೋಬಾಲ್ಟ್-60 ಮಾತ್ರ ರಿಯಾಕ್ಟರ್‌ನಲ್ಲಿ ಮಾಡಿದ್ದು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಹಳೇ ಯಂತ್ರದ ಜೊತೆ ಗುಜರಿಗೆ ಬಂದು ಒಬ್ಬರ ಜೀವ ತೆಗೆದದ್ದು ಅದೇ. ಮೂರು ರೆಕ್ಕೆಯ ವಿಕಿರಣ ಗುರುತಿರುವ ಭಾರದ ಡಬ್ಬಿ ಕಂಡರೆ ಒಡೆಯಬೇಡಿ, ನನ್ನ ಹತ್ತಿರವೂ ತರಬೇಡಿ. ದೂರ ನಿಂತು ಪೊಲೀಸರಿಗೆ ಫೋನ್ ಮಾಡಿ.