ಒಂದೇ ಮಚ್ಚೆಯ ಸೋರಿಯಾಸಿಸ್, ಕಾಮಿಡೋನ್ ಇಲ್ಲದ ಮೊಡವೆ

ಚರ್ಮದ ಅಪರೂಪದ ನಿರುಪದ್ರವಿ ಗಡ್ಡೆಗಳ ಹೆಸರುಗಳನ್ನು ಉರುಹೊಡೆದರೆ ಪರೀಕ್ಷೆ ಪಾಸಾಗಬಹುದು, ರೋಗಿಯ ಎದುರು ಅಷ್ಟು ಸಾಲದು. ಮಾಮೂಲಿ ಕಾಯಿಲೆ ಎಂದು ಅನಿಸಿದ ಕೂಡಲೇ, ಆ ಕಾಯಿಲೆಯಲ್ಲಿ ಇರಲೇಬೇಕಾದ್ದು ಯಾವುದು ಇಲ್ಲಿ ಕಾಣುತ್ತಿಲ್ಲ ಎಂದು ಹುಡುಕಿ.

ಕ್ಲಿಯರ್ ಸೆಲ್ ಅಕ್ಯಾಂಥೋಮಾ ನೋಡೋಣ. 1962ರಲ್ಲಿ ಚರ್ಮವೈದ್ಯ ಡೆಗೋ ಮತ್ತು ಸಂಗಡಿಗರು ವಿವರಿಸಿದ ಗಡ್ಡೆ. ಸಾಮಾನ್ಯವಾಗಿ ನಡುವಯಸ್ಸಿನವರು ಮತ್ತು ವಯಸ್ಸಾದವರ ಮೊಣಕಾಲ ಕೆಳಗೆ, ಕೆಂಪಗಿನ ಒಂಟಿ ಉಬ್ಬು. ಅಂಚಿನ ಸುತ್ತ ತೆಳ್ಳನೆ ಹೊಟ್ಟು. ಸೋರಿಯಾಸಿಸ್ ಎಂದು ಸ್ಟಿರಾಯ್ಡ್ ಮುಲಾಮು ಬರೆದುಕೊಡಲು ಕೈ ತಾನಾಗಿ ಹೋಗುತ್ತದೆ. ಆದರೆ ಮೊಣಕೈ, ನೆತ್ತಿ, ಉಗುರುಗಳಲ್ಲಿ ಏನೂ ಇಲ್ಲ, ಮುಲಾಮಿಗೂ ಅದು ಜಗ್ಗುವುದಿಲ್ಲ. ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್ ಇಟ್ಟರೆ ಎರಡರಲ್ಲೂ ಚುಕ್ಕಿಯಂಥ ರಕ್ತನಾಳಗಳೇ ಕಾಣುತ್ತವೆ, ಗೊಂದಲ ಇಲ್ಲೇ. ಸೋರಿಯಾಸಿಸ್‌ನಲ್ಲಿ ಚುಕ್ಕಿಗಳು ಎಲ್ಲೆಡೆ ಸಮನಾಗಿ ಹರಡಿರುತ್ತವೆ, ಇಲ್ಲಿ ಮುತ್ತಿನ ಸರದ ಹಾಗೆ ಸಾಲುಗಟ್ಟಿ ಬಳುಕುತ್ತವೆ. ಬಯಾಪ್ಸಿಯಲ್ಲಿ ಮೇಲ್ಚರ್ಮದ ಕೋಶಗಳು ಗ್ಲೈಕೋಜನ್ ತುಂಬಿಕೊಂಡು ತಿಳಿಯಾಗಿರುತ್ತವೆ, ಗ್ಲೈಕೋಜನ್ ಎಂಬ ಈ ಸಕ್ಕರೆಯ ದಾಸ್ತಾನನ್ನು ತೋರಿಸುವ ಪಿಎಎಸ್ ಬಣ್ಣ ಹಿಡಿಯುತ್ತವೆ. ಪಕ್ಕದ ಸಾಮಾನ್ಯ ಚರ್ಮ ಎಲ್ಲಿ ಮುಗಿಯಿತು ಎಂಬುದು ಗೆರೆ ಎಳೆದಷ್ಟು ಸ್ಪಷ್ಟ. ಬೆವರುನಾಳದ ಕೋಶಗಳು ಮಾತ್ರ ಮೊದಲಿನಂತೆಯೇ ಉಳಿದಿರುತ್ತವೆ. ವೈವಾದಲ್ಲಿ ಕೇಳಲು ಹೇಳಿಮಾಡಿಸಿದ ಅಂಶ!

ಮಗುವಿನ ಮೂಗಿನ ಬದಿ, ಕೆನ್ನೆಗಳ ಮೇಲೆ ಕೆಂಪು ಗುಳ್ಳೆಗಳಿದ್ದು ಮೊಡವೆಯ ಔಷಧಕ್ಕೆ ಬಗ್ಗದಿದ್ದರೆ ಕಾಮಿಡೋನ್, ಅಂದರೆ ಮುಚ್ಚಿಹೋದ ಚರ್ಮರಂಧ್ರದ ಕಪ್ಪು ಅಥವಾ ಬಿಳಿ ತಲೆ, ಹುಡುಕಿ. ಕೀವೂ ಇಲ್ಲ, ಕಾಮಿಡೋನೂ ಇಲ್ಲ, ಹದಿಹರೆಯಕ್ಕೂ ಬಹಳ ಮುಂಚೆ ಶುರುವಾಗಿದೆ ಎಂದರೆ ರಕ್ತನಾಳ ಮತ್ತು ನಾರಿನ ಅಂಗಾಂಶದ ಗಡ್ಡೆಯಾದ ಆಂಜಿಯೋಫೈಬ್ರೋಮಾ ಇರಬಹುದು. ಆಗ ಮೈಮೇಲೆ ಬಿಳಿಚಿದ ಮಚ್ಚೆಗಳಿವೆಯೇ ನೋಡಬೇಕು, ಫಿಟ್ಸ್ ಬಂದಿತ್ತೇ ಎಂದು ತಾಯಿತಂದೆಯರನ್ನು ಕೇಳಬೇಕು. ಗುಳ್ಳೆಗಳು ನಿರುಪದ್ರವಿಯೇ, ಆದರೆ ಅವುಗಳ ಹಿಂದೆ ಹಲವು ಅಂಗಗಳಲ್ಲಿ ಗಡ್ಡೆ ಬೆಳೆಸುವ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಜೀನ್ ಕಾಯಿಲೆ ಇದ್ದರೆ ಮೆದುಳು, ಮೂತ್ರಪಿಂಡಗಳ ತಪಾಸಣೆಯೂ ಆಗಬೇಕು.

ಕೂದಲ ಬುಡದ ಕೋಶಗಳಿಂದ ಹುಟ್ಟುವ ಪೈಲೋಮೆಟ್ರಿಕೋಮಾ ಗುರುತಿಸಲು ಕೈಯೇ ಸಾಕು: ಮಕ್ಕಳ ಮುಖ, ಕುತ್ತಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ ಗಂಟು. ಸಿಸ್ಟ್ (ಚೀಲದಂಥ ಗಂಟು) ಇಷ್ಟು ಗಟ್ಟಿಯಿರುವುದು ಅಪರೂಪ.

ಕೂದಲ ಬುಡಕ್ಕೆ ಸಂಬಂಧಿಸಿದ ಇನ್ನೊಂದು ಗಡ್ಡೆ ಡೆಸ್ಮೋಪ್ಲಾಸ್ಟಿಕ್ ಟ್ರೈಕೋಎಪಿಥೀಲಿಯೋಮಾ ಮಾತ್ರ ಕಣ್ಣಿಗೂ ಕೈಗೂ ದಕ್ಕುವುದಿಲ್ಲ. ಕೆನ್ನೆಯ ಮೇಲೆ, ನಡು ತಗ್ಗಿ ಅಂಚು ಉಬ್ಬಿದ ಗಟ್ಟಿ ಉಂಗುರ. ಚರ್ಮದ ಬೇಸಲ್ ಸೆಲ್ ಕ್ಯಾನ್ಸರಿನ ಒಂದು ಬಗೆಯನ್ನು ಸೂಕ್ಷ್ಮದರ್ಶಕದಲ್ಲೂ ಹೋಲುತ್ತದೆ. ಮೇಲುಮೇಲೆ ಹೆರೆದ ತುಣುಕು ಕಳಿಸಿದರೆ ಪೆಥಾಲಜಿಸ್ಟ್ ಏನು ತಾನೇ ಹೇಳಿಯಾರು? ಆಳಕ್ಕೆ ತೆಗೆದ ತುಣುಕು ಬೇಕು. ಅದಕ್ಕೆ ಸಿಕೆ20 ಎಂಬ ಪ್ರೋಟೀನ್ ಗುರುತಿಸುವ ಬಣ್ಣ ಹಾಕಿದಾಗ ಚದುರಿದ ಮರ್ಕೆಲ್ ಕೋಶಗಳು (ಚರ್ಮದ ಸ್ಪರ್ಶಕೋಶಗಳು) ಕಂಡರೆ ನಿರುಪದ್ರವಿಯ ಕಡೆಗೆ ಒಲವು. ಜತೆಗೆ ಕಳಿಸುವ ಚೀಟಿಯಲ್ಲಿ ‘ಮುಖದ ಗಂಟು’ ಎಂದಷ್ಟೇ ಗೀಚದೆ ವಯಸ್ಸು, ಜಾಗ, ಎಷ್ಟು ಕಾಲದಿಂದ ಇದೆ, ನಿಮ್ಮ ಅನುಮಾನ ಏನು ಎಂಬುದನ್ನೂ ಬರೆಯಿರಿ.